ಮಡಿಕೇರಿಯ ಅಂಚೆಚೀಟಿ ಅಂಗಡಿ: ಮುದ್ರಣಭೇದ ತೋರಿಸಿ ಮಾರುವವರು

ಐದನೇ ಜಾರ್ಜ್ ದೊರೆಯ ಚಿತ್ರವಿರುವ ಭಾರತದ ಅಂಚೆಚೀಟಿಗಳನ್ನು ಮುದ್ರಣವಾರು ವಿಂಗಡಿಸಿ ಮಾರುವುದೇ ಮಡಿಕೇರಿಯ ಈ ಪುಟ್ಟ ಅಂಗಡಿಯ ಹೆಚ್ಚುಗಾರಿಕೆ. ಲಂಡನ್ನಿನ ಡಿ ಲಾ ರೂ ಸಂಸ್ಥೆ 1911ರಿಂದ ಮುದ್ರಿಸಿದ ಚೀಟಿಗಳ ಕಾಗದದಲ್ಲಿ ಒಂದೇ ನಕ್ಷತ್ರದ ವಾಟರ್‌ಮಾರ್ಕ್ (ಕಾಗದದೊಳಗೇ ಅಡಗಿರುವ ನಸು ಗುರುತು) ಇದ್ದರೆ, 1926ರಿಂದ ನಾಸಿಕ್‌ನಲ್ಲಿ ಅಚ್ಚಾದವುಗಳಲ್ಲಿ ಹಲವು ಸಣ್ಣ ನಕ್ಷತ್ರಗಳು ಹರಡಿಕೊಂಡಿರುತ್ತವೆ. ಮುಂಭಾಗದ ವಿನ್ಯಾಸ ಮಾತ್ರ ಬಹುಪಾಲು ಒಂದೇ. ಮಾಲೀಕರು ಕೇಳಿದ ಚೀಟಿಯನ್ನು ಕಪ್ಪು ತಟ್ಟೆಯಲ್ಲಿ ಬೋರಲಾಗಿಟ್ಟು, ಸಿಗರೇಟ್ ಲೈಟರಿಗೆ ಹಾಕುವ ದ್ರವದ ಒಂದೆರಡು ಹನಿ ಬಿಟ್ಟು, ಮೂಡುವ ನಕ್ಷತ್ರವನ್ನು ಗಿರಾಕಿಗೆ ತೋರಿಸಿದ ಮೇಲೆಯೇ ಬೆಲೆ ಹೇಳುತ್ತಾರೆ. ಬಣ್ಣದ ಛಾಯೆಯನ್ನಷ್ಟೇ ನೆಚ್ಚದ ಈ ಶಿಸ್ತು ನನಗೆ ಬಹಳ ಹಿಡಿಸಿತು, ಏಕೆಂದರೆ ಬಿಸಿಲಿಗೆ ಬಣ್ಣ ಮಾಸುತ್ತದೆ, ವಾಟರ್‌ಮಾರ್ಕ್ ಮಾಸುವುದಿಲ್ಲ. ಆದರೆ ಕೊಡಗಿನ ಮಳೆಗಾಲದ ತೇವಕ್ಕೆ ಹಿಂಬದಿಯ ಗೋಂದು ಅಂಟಿಕೊಳ್ಳುವುದರಿಂದ, ಬಳಸದ ಚೀಟಿಗಳನ್ನು ಅವರು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್‌ನೊಂದಿಗೆ ಇಡುವುದು ಅಗತ್ಯ.