ಅರ್ಧಕ್ಕೇ ನಿಲ್ಲುತ್ತಿದ್ದ ಡಿಕ್ಕಿ ಬಾಗಿಲು: ಮನೆಯ ಡಯಾಗ್ನೋಸ್ಟಿಕ್ ಸಾಫ್ಟ್‌ವೇರ್ ಜೊತೆ ಎರಡೂವರೆ ವರ್ಷ

ಬಟನ್ ಒತ್ತಿದರೆ ಡಿಕ್ಕಿ ಬಾಗಿಲು ಸರಾಗವಾಗಿ ಮೇಲೇಳುತ್ತಿತ್ತು. ಎದೆಮಟ್ಟಕ್ಕೆ ಬಂದ ಕೂಡಲೇ ಟಕ್ ಅಂತ ನಿಂತು, ಮೂರು ಸಲ ಬೀಪ್ ಹೊಡೆದು ಸುಮ್ಮನಾಗುತ್ತಿತ್ತು. ಮತ್ತೆ ಒತ್ತಿದರೆ ಕೆಳಗೆ ಇಳಿಯುತ್ತಿತ್ತು. ಕೆಲವು ದಿನ ಏನೂ ಆಗೇ ಇಲ್ಲ ಅನ್ನುವ ಹಾಗೆ ಪೂರ್ತಿ ತೆರೆದುಕೊಳ್ಳುತ್ತಿತ್ತು. ಎರಡೂ ಕೈಯಲ್ಲಿ ಸಾಮಾನು ಹಿಡಿದು ನಿಂತಾಗ ಹೀಗಾದರೆ ಎಷ್ಟು ಬೇಜಾರು ಅಂತ ಪವರ್ ಟೈಲ್‌ಗೇಟ್ (ಮೋಟಾರಿನಿಂದ ತೆರೆದು ಮುಚ್ಚುವ ಡಿಕ್ಕಿ ಬಾಗಿಲು) ಇರುವವರಿಗೆ ಗೊತ್ತು.

ಗ್ಯಾರೇಜಿಗೆ ಒಯ್ದೆ. ಸ್ಕ್ಯಾನರ್ ಹಾಕಿ ಹತ್ತು ನಿಮಿಷ ನೋಡಿದರು. ಎರಡೂ ಬದಿಯ ಮೋಟಾರ್ ಬದಲಿಸಬೇಕು, ಜೊತೆಗೆ ಕಂಟ್ರೋಲ್ ಮಾಡ್ಯೂಲ್ (ಅವನ್ನು ನಡೆಸುವ ಚಿಕ್ಕ ಕಂಪ್ಯೂಟರ್) ಕೂಡ ಹೊಸದು ಹಾಕಿದರೆ ಒಳ್ಳೆಯದು ಅಂದರು. ಯಾವ ಕೋಡ್ (ಕಾರು ದಾಖಲಿಸುವ ದೋಷದ ಸಂಕೇತ) ಬಂತು ಅಂತ ಕೇಳಿದೆ, ಸರಿಯಾದ ಉತ್ತರ ಸಿಗಲಿಲ್ಲ. ಮೋಟಾರೇ ಹೋಗಿದ್ದರೆ ಕೆಲವು ದಿನ ಚೆನ್ನಾಗಿ ಕೆಲಸ ಮಾಡುವುದು ಹೇಗೆ? ಎರಡೂ ಒಟ್ಟಿಗೇ ಹೋಗುವುದು ಹೇಗೆ? ಈ ಪ್ರಶ್ನೆಗಳು ತಲೆಯಿಂದ ಹೋಗಲೇ ಇಲ್ಲ. ಮನೆಯಲ್ಲೇ ಒಂದು ಡಯಾಗ್ನೋಸ್ಟಿಕ್ ಸಾಫ್ಟ್‌ವೇರ್ ಇಟ್ಟುಕೊಳ್ಳೋಣ ಅಂತ ತೀರ್ಮಾನ ಮಾಡಿದ್ದು ಆಗ. ಕಾರಿನ ಹೆಸರು ಬರೆಯುತ್ತಿಲ್ಲ. ಈ ತೊಂದರೆ ಬಾಗಿಲಿಗೆ ವೈರ್ ಹೋಗುವ ಯಾವ ಕಾರಿನಲ್ಲಾದರೂ ಬರುವಂಥದ್ದು.

ಮೊದಲು ಕೈಗೆ ಬಂದದ್ದು ಒಂದು ಚಿಕ್ಕ ಬ್ಲೂಟೂತ್ ರೀಡರ್. ಒಬಿಡಿ ಸಾಕೆಟ್ಟಿಗೆ, ಅಂದರೆ ಕಾರಿನ ತಪಾಸಣೆಗೆಂದೇ ಇರುವ ಸಾಕೆಟ್ಟಿಗೆ, ಚುಚ್ಚಿ, ಮೊಬೈಲಿನಲ್ಲಿ ಆ್ಯಪ್ ಹಾಕಿಕೊಂಡರೆ ಆಯಿತು ಅಂದುಕೊಂಡಿದ್ದೆ. ಆ್ಯಪ್ ಏನೂ ತೊಂದರೆ ಇಲ್ಲ ಅಂತ ಹಸಿರು ಟಿಕ್ ತೋರಿಸಿತು. ಅದು ಸುಳ್ಳು ಹೇಳಿದ್ದಲ್ಲ. ಅಮೆರಿಕದಲ್ಲಿ 1996ರಿಂದ, ಯುರೋಪಿನ ಪೆಟ್ರೋಲ್ ಕಾರುಗಳಲ್ಲಿ 2001ರಿಂದ ಒಬಿಡಿ ಕಡ್ಡಾಯವಾಗಿದ್ದು ಹೊಗೆಯ ಲೆಕ್ಕಕ್ಕಾಗಿ. ಹಾಗಾಗಿ ಸಾಮಾನ್ಯ ರೀಡರ್‌ಗಳು ಓದುವುದು ಇಂಜಿನ್ ಮತ್ತು ಗೇರ್‌ಬಾಕ್ಸಿನ ಪಿ ಕೋಡ್‌ಗಳನ್ನು. ಬಾಗಿಲು, ಸೀಟು, ಲೈಟು ಇವೆಲ್ಲ ಬಿ ಕೋಡ್. ಮಾಡ್ಯೂಲ್‌ಗಳ ನಡುವಿನ ಮಾತುಕತೆ ಕಡಿದರೆ ಯು ಕೋಡ್. ಇವನ್ನು ಓದಲು ಆ ಕಾರು ತಯಾರಕರ ಭಾಷೆ ಗೊತ್ತಿರುವ ಸಾಫ್ಟ್‌ವೇರ್ ಬೇಕು. ಫೋಕ್ಸ್‌ವ್ಯಾಗನ್ ಗುಂಪಿನ ಕಾರುಗಳಿಗೆ ವಿಸಿಡಿಎಸ್, ಫೋರ್ಡ್ ಮತ್ತು ಮಜ್ದಾಗೆ ಫೋರ್‌ಸ್ಕ್ಯಾನ್, ಟೊಯೋಟಾಗೆ ಟೆಕ್‌ಸ್ಟ್ರೀಮ್, ವೋಲ್ವೋಗೆ ವಿಡಾ, ಬಿಎಂಡಬ್ಲ್ಯುಗೆ ಇಸ್ಟಾ, ಹೀಗೆ ಒಂದೊಂದು ಮನೆತನಕ್ಕೆ ಒಂದೊಂದು.

ಅಗ್ಗದ ರೀಡರ್ ಬಗ್ಗೆ ಇನ್ನೊಂದು ಮಾತು. ಇಎಲ್‌ಎಂ327 ಅನ್ನುವುದು ಮೂಲದಲ್ಲಿ ಒಂದು ಚಿಪ್‌ನ ಹೆಸರು. ಈಗ ಆ ಹೆಸರಿನಲ್ಲಿ ಸಿಗುವುದು ಹೆಚ್ಚಾಗಿ ನಕಲು. ಡಬ್ಬಿಯ ಮೇಲೆ ಆವೃತ್ತಿ 1.5 ಅಂತ ಬರೆದಿರುತ್ತಾರೆ, ಆದರೆ ಆ ಚಿಪ್ ಮಾಡಿದವರು 1.5 ಅಂತ ಒಂದನ್ನು ಹೊರತಂದೇ ಇರಲಿಲ್ಲ! ಇಂಜಿನ್ ಬಿಸಿ ನೋಡುವುದಕ್ಕೆ ಇವು ಸಾಕು. ಉದ್ದದ ಸಂದೇಶ ಬಂದರೆ ಅರ್ಧ ನುಂಗಿಬಿಡುತ್ತವೆ. ಟೈಲ್‌ಗೇಟ್ ಕೆಲಸಕ್ಕೆ ದಯವಿಟ್ಟು ಬೇಡ.

ಕೊನೆಗೆ ನಮ್ಮ ಕಾರಿಗೆ ಹೊಂದುವ ಸಾಫ್ಟ್‌ವೇರ್ ಮತ್ತು ಅದರದ್ದೇ ಯುಎಸ್‌ಬಿ ಕೇಬಲ್ ತರಿಸಿದೆ. ಹಳೆಯ ಲ್ಯಾಪ್‌ಟಾಪ್ ಒಂದನ್ನು ಇದಕ್ಕೇ ಅಂತ ಮೀಸಲಿಟ್ಟೆ. ಇನ್‌ಸ್ಟಾಲ್ ಸುಲಭವಾಗಿ ಆಯಿತು, ಕಾರಿನ ಜೊತೆ ಮಾತಾಡಿಸುವುದಕ್ಕೆ ಒಂದು ಸಂಜೆ ಪೂರ್ತಿ ಹಿಡಿಯಿತು. ಇಂಜಿನ್ ಸಿಗುತ್ತಿತ್ತು, ಉಳಿದ ಮಾಡ್ಯೂಲ್‌ಗಳು ಬಂದು ಬಂದು ಹೋಗುತ್ತಿದ್ದವು. ಕೇಬಲ್ ಒಳಗೆ ಇದ್ದದ್ದು ಎಫ್‌ಟಿಡಿಐ ಕಂಪನಿಯ ಯುಎಸ್‌ಬಿ ಚಿಪ್. ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ಅದರ ಲೇಟೆನ್ಸಿ ಟೈಮರ್ (ಬಂದ ಮಾಹಿತಿಯನ್ನು ಲ್ಯಾಪ್‌ಟಾಪ್‌ಗೆ ದಾಟಿಸುವ ಮೊದಲು ಕಾಯುವ ಹೊತ್ತು) 16 ಮಿಲಿಸೆಕೆಂಡ್ ಅಂತ ಇರುತ್ತದೆ. ಅದನ್ನು 1ಕ್ಕೆ ಇಳಿಸಿದೆ, ಎಲ್ಲ ಮಾಡ್ಯೂಲ್‌ಗಳೂ ಒಂದರ ಹಿಂದೆ ಒಂದು ಸಾಲಾಗಿ ಬಂದವು. ಆಗಿನ ಖುಷಿ ಈಗಲೂ ನೆನಪಿದೆ. ಕೇಬಲ್‌ಗೆ ವಿಂಡೋಸ್ ಕೊಡುವ ಕಾಮ್ ಪೋರ್ಟ್ ನಂಬರನ್ನೂ ಚಿಕ್ಕದಕ್ಕೆ ಬದಲಿಸಿ, ಸಾಫ್ಟ್‌ವೇರ್‌ನಲ್ಲಿ ಅದೇ ನಂಬರ್ ಹಾಕಿಟ್ಟೆ. ಇನ್ನೊಂದು ವಿಷಯ: ಇಗ್ನಿಷನ್ ಹಾಕಿಟ್ಟು ಗಂಟೆಗಟ್ಟಲೆ ಕೂತರೆ ಬ್ಯಾಟರಿ ಇಳಿಯುತ್ತದೆ. ವೋಲ್ಟೇಜ್ ಕಡಿಮೆಯಾದರೆ ಮಾಡ್ಯೂಲ್‌ಗಳು ಇಲ್ಲದ ಕೋಡ್‌ಗಳನ್ನೆಲ್ಲ ಬರೆದುಕೊಳ್ಳುತ್ತವೆ, ಟೈಲ್‌ಗೇಟ್ ಓಡುವುದಕ್ಕೇ ಒಪ್ಪುವುದಿಲ್ಲ. ಚಾರ್ಜರ್ ಸಿಕ್ಕಿಸಿಯೇ ಕೂರಬೇಕು.

ಟೈಲ್‌ಗೇಟ್ ಮಾಡ್ಯೂಲ್‌ನಲ್ಲಿ ಎರಡು ಕೋಡ್ ಇದ್ದವು. ಒಂದು ಎಡಗಡೆ ಡ್ರೈವ್‌ನ (ಬಾಗಿಲು ಎತ್ತುವ ಮೋಟಾರ್ ಇರುವ ಕೊಳವೆ) ಹಾಲ್ ಸೆನ್ಸರ್ (ಮೋಟಾರ್ ತಿರುಗುವುದನ್ನು ಅಯಸ್ಕಾಂತದಿಂದ ಗುರುತಿಸುವ ಸೆನ್ಸರ್) ಬಗ್ಗೆ, ಇನ್ನೊಂದು ಬಾಗಿಲಿಗೆ ಅಡ್ಡಿ ಸಿಕ್ಕಿದೆ ಅಂತ. ಇಲ್ಲಿ ಒಂದು ತಪ್ಪು ಮಾಡಿದೆ: ಆ ಪುಟವನ್ನು ಉಳಿಸಿಕೊಳ್ಳದೆ ಕೋಡ್ ಅಳಿಸಿದೆ. ತೊಂದರೆ ಆದ ಕ್ಷಣದ ವೋಲ್ಟೇಜ್, ಕಿಲೋಮೀಟರ್, ದಿನಾಂಕ ಎಲ್ಲ ಅದರ ಜೊತೆಗೇ ಹೋಯಿತು. ಅವು ಮತ್ತೆ ಬರಲು ನಾಲ್ಕು ದಿನ ಕಾಯಬೇಕಾಯಿತು. ಅವತ್ತಿನಿಂದ ಮೊದಲು ಸೇವ್, ಆಮೇಲೆ ಉಳಿದದ್ದು.

ಕೋಡ್ ನೋಡಿ ಎಡಗಡೆ ಡ್ರೈವ್ ಹೋಗಿದೆ ಅನ್ನಬಹುದಿತ್ತು. ಆದರೆ ಅದರ ಒಳಗೆ ಏನು ನಡೆಯುತ್ತದೆ ಅಂತ ತಿಳಿದರೆ ಚಿತ್ರ ಬೇರೆಯಾಗುತ್ತದೆ. ಬಾಗಿಲಿನ ಎರಡೂ ಬದಿಗೆ ಇರುವ ಆ ಕೊಳವೆಗಳು ನೋಡಲು ಗ್ಯಾಸ್ ಸ್ಟ್ರಟ್ (ಬಾಗಿಲನ್ನು ಎತ್ತಿಹಿಡಿಯುವ ಗ್ಯಾಸ್ ತುಂಬಿದ ಕೋಲು) ಹಾಗೇ ಇರುತ್ತವೆ. ಒಳಗೆ ಒಂದು ಚಿಕ್ಕ ಮೋಟಾರ್, ಗೇರ್, ಉದ್ದದ ಸ್ಕ್ರೂ, ಸುತ್ತಲೂ ಬಲವಾದ ಸ್ಪ್ರಿಂಗ್. ಬಾಗಿಲಿನ ಭಾರ ಹೊರುವುದರಲ್ಲಿ ಸ್ಪ್ರಿಂಗ್‌ನದ್ದು ದೊಡ್ಡ ಪಾಲು. ಮೋಟಾರ್ ತಿರುಗಿದ ಹಾಗೆ ಹಾಲ್ ಸೆನ್ಸರ್‌ಗಳು ಪಲ್ಸ್ ಕಳಿಸುತ್ತವೆ. ಅವು ಎರಡಿದ್ದು, ಒಂದು ಇನ್ನೊಂದಕ್ಕಿಂತ ಸ್ವಲ್ಪ ಮುಂದೆ. ಯಾವುದು ಮೊದಲು ಬಂತು ಅನ್ನುವುದರಿಂದ ಬಾಗಿಲು ಮೇಲೆ ಹೋಗುತ್ತಿದೆಯೋ ಕೆಳಗೋ ಅಂತ ಮಾಡ್ಯೂಲ್‌ಗೆ ತಿಳಿಯುತ್ತದೆ, ಎಷ್ಟು ಬಂತು ಅನ್ನುವುದರಿಂದ ಬಾಗಿಲು ಎಲ್ಲಿದೆ ಅಂತ. ಲೆಕ್ಕ ನಿಂತರೆ ಮಾಡ್ಯೂಲ್ ಅಂದುಕೊಳ್ಳುವುದು ಒಂದೇ: ಬಾಗಿಲಿಗೆ ಯಾರೋ ಸಿಕ್ಕಿದ್ದಾರೆ. ತಕ್ಷಣ ನಿಲ್ಲಿಸುತ್ತದೆ. ಅದು ಸರಿಯಾದ ಕೆಲಸವೇ.

ಲೈವ್ ಡೇಟಾದಲ್ಲಿ, ಅಂದರೆ ಆ ಕ್ಷಣದ ಅಳತೆಗಳನ್ನು ತೋರಿಸುವ ಪುಟದಲ್ಲಿ, ಎಡ, ಬಲ ಎರಡೂ ಲೆಕ್ಕವನ್ನು ಪಕ್ಕಪಕ್ಕ ಇಟ್ಟು ಬಟನ್ ಒತ್ತಿದೆ. 100, 200, 300 ಅಂತ ಎರಡೂ ಜೊತೆಜೊತೆಯಾಗಿ ಏರಿದವು. 412ಕ್ಕೆ ಎಡಗಡೆಯದ್ದು ನಿಂತುಬಿಟ್ಟಿತು. ಬಲಗಡೆಯದ್ದು ಇನ್ನೂ ಸ್ವಲ್ಪ ಏರಿತು, ಬೀಪ್ ಬಂತು, ಬಾಗಿಲು ನಿಂತಿತು. ಇಳಿಸಿ ಮತ್ತೆ ಎತ್ತಿದೆ. 409. ಮತ್ತೆ. 415. ಮೋಟಾರ್ ಸವೆದಿದ್ದರೆ ಪ್ರತಿ ಸಲ ಅದೇ ಜಾಗದಲ್ಲಿ ಯಾಕೆ ನಿಲ್ಲಬೇಕು? ಬಾಗಿಲು ಒಂದು ಕೋನಕ್ಕೆ ಬಂದಾಗ ಯಾವುದೋ ವೈರ್ ಬಗ್ಗಿ ಬಿಡುತ್ತಿದೆ ಅಂತ ಅನ್ನಿಸಿತು. ನಂಬರ್ ಪ್ಲೇಟಿನ ಲೈಟು ಕೆಲವು ತಿಂಗಳಿಂದ ಮಿಣಮಿಣ ಅನ್ನುತ್ತಿದ್ದದ್ದೂ ಆಗ ನೆನಪಾಯಿತು. ಅದರ ವೈರೂ ಅದೇ ದಾರಿಯಲ್ಲಿ ಹೋಗುತ್ತದೆ ಅಲ್ವಾ!

ಬಾಗಿಲನ್ನು ಆ ಎತ್ತರದಲ್ಲೇ ನಿಲ್ಲಿಸಿ, ಎಡ ಹಿಂಜ್ ಪಕ್ಕದ ರಬ್ಬರ್ ಕೊಳವೆಯನ್ನು ಬೆರಳಿನಿಂದ ಮೆಲ್ಲಗೆ ಒತ್ತುತ್ತಾ, ಮನೆಯವರಿಗೆ ಬಟನ್ ಒತ್ತಲು ಹೇಳಿದೆ. ಲೆಕ್ಕ ಮತ್ತೆ ಓಡಿತು. ಬೆರಳು ಬಿಟ್ಟೆ, ನಿಂತಿತು. ಇಡೀ ಎರಡೂವರೆ ವರ್ಷದಲ್ಲಿ ಈ ಸಾಫ್ಟ್‌ವೇರ್ ನನಗೆ ಮಾಡಿದ ದೊಡ್ಡ ಉಪಕಾರ ಆ ಅರ್ಧ ನಿಮಿಷ. ಕೋಡ್ ಹೇಳಿದ್ದು ಎಡಗಡೆ ಅಂತ ಮಾತ್ರ. ಜಾಗ ತೋರಿಸಿಕೊಟ್ಟದ್ದು ಓಡುವ ಅಂಕಿಗಳು.

ರಿಪೇರಿಗೆ ಇಳಿಯುವ ಮೊದಲು ಬಾಗಿಲನ್ನು ಪೂರ್ತಿ ತೆರೆದು, ಗಟ್ಟಿಯಾದ ಮರದ ಕೋಲನ್ನು ಊರುಗೋಲಾಗಿ ಕೊಟ್ಟೆ. ಸ್ಪ್ರಿಂಗ್ ಇರುವ ಡ್ರೈವ್ ಬಿಚ್ಚಬೇಕಾಗಿ ಬಂದರೆ ಆಧಾರ ಇಲ್ಲದೆ ಮುಟ್ಟಲೇಬಾರದು, ಉಳಿದ ಒಂದಕ್ಕೆ ಬಾಗಿಲಿನ ಭಾರ ತಡೆಯುವುದಿಲ್ಲ. ಆ ಕೊಳವೆಯನ್ನಂತೂ ಒಡೆದು ನೋಡುವ ಆಸೆ ಬೇಡ. ಬ್ಯಾಟರಿಯ ನೆಗೆಟಿವ್ ತೆಗೆದೆ. ಹಿಂದಿನ ಕಂಬದ ಒಳಗೆ ಕರ್ಟನ್ ಏರ್‌ಬ್ಯಾಗ್ ಇರಬಹುದು, ಆದ್ದರಿಂದ ಸ್ವಲ್ಪ ಹೊತ್ತು ಕಾದು ಆಮೇಲೆ ಟ್ರಿಮ್ ತೆಗೆದೆ. ಲಾಕ್ ಬಾಯಿಗೆ ಒಂದು ಬಟ್ಟೆ ತುರುಕಿಟ್ಟೆ. ಬ್ಯಾಟರಿ ಇಲ್ಲದಾಗ ಬಾಗಿಲು ಮುಚ್ಚಿಕೊಂಡರೆ ಒಳಗಿನಿಂದ ತೆವಳಿ ಹೋಗಿ ತೆಗೆಯಬೇಕಾಗುತ್ತದೆ.

ರಬ್ಬರ್ ಕೊಳವೆ ಜಾರಿಸಿದಾಗ ಒಳಗೆ ಹನ್ನೆರಡು ವೈರ್. ಎರಡರ ಪ್ಲಾಸ್ಟಿಕ್ ಸಿಪ್ಪೆ ಬಿರುಕು ಬಿಟ್ಟು ತಾಮ್ರ ಕಾಣುತ್ತಿತ್ತು. ಹಾಲ್ ಸೆನ್ಸರ್‌ನ ವೈರ್ ಮಾತ್ರ ನೋಡಲು ಚೆನ್ನಾಗೇ ಇತ್ತು. ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದೆ. ಒಂದು ಜಾಗದಲ್ಲಿ ಅದು ರಬ್ಬರ್ ಬ್ಯಾಂಡ್ ಹಾಗೆ ಹಿಗ್ಗಿತು. ಒಳಗಿನ ತಾಮ್ರ ಕಡಿದಿದ್ದರೆ ಸಿಪ್ಪೆ ಮಾತ್ರ ಹೀಗೆ ಹಿಗ್ಗುವುದು. ಪ್ರತಿ ವೈರನ್ನೂ ಹೀಗೇ ಎಳೆದು ನೋಡಬೇಕು. ಕಣ್ಣಿಗೆ ಕಾಣುವುದನ್ನಷ್ಟೇ ಸರಿಮಾಡಿ ಮುಚ್ಚಿದ್ದರೆ ನನ್ನ ತೊಂದರೆ ಹಾಗೇ ಉಳಿಯುತ್ತಿತ್ತು.

ಕಡಿದ ಜಾಗದಲ್ಲೇ ಬೆಸುಗೆ ಹಾಕುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಆದರೆ ಬೆಸುಗೆ ಹಾಕಿದ ಕಡೆ ವೈರ್ ಕಡ್ಡಿಯ ಹಾಗೆ ಗಟ್ಟಿಯಾಗುತ್ತದೆ. ದಿನಾ ಬಗ್ಗುವ ಜಾಗದಲ್ಲಿ ಆ ಗಟ್ಟಿ ಭಾಗದ ಅಂಚಿನಲ್ಲೇ ಮತ್ತೆ ಕಡಿಯುತ್ತದೆ. ನಾನು ಬಗ್ಗುವ ಭಾಗವನ್ನೇ ಪೂರ್ತಿ ಕತ್ತರಿಸಿ, ಮೆತ್ತಗಿನ ಸಿಲಿಕೋನ್ ವೈರ್ ಹಾಕಿದೆ. ಒಂದು ಜೋಡಣೆ ಕಾರಿನ ಮೈಯೊಳಗೆ, ಇನ್ನೊಂದು ಬಾಗಿಲಿನ ಒಳಗೆ. ಕ್ರಿಂಪ್ ಮಾಡಿ (ಲೋಹದ ತುಂಡಿನಲ್ಲಿ ಒತ್ತಿ ಬಿಗಿದು), ಒಳಗೆ ಅಂಟು ಇರುವ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗುವ ಕೊಳವೆ) ಮುಚ್ಚಿದೆ. ಜೋಡಣೆಗಳು ಒಂದೇ ಕಡೆ ಗಂಟಾಗದ ಹಾಗೆ ಹಿಂದೆಮುಂದೆ ಮಾಡಿದೆ. ಸಿಗ್ನಲ್‌ಗೆ ಸಣ್ಣ ವೈರ್ ಸಾಕು, ಮೋಟಾರಿನ ವೈರ್ ಬದಲಿಸುವುದಾದರೆ ಮೊದಲಿದ್ದಷ್ಟೇ ದಪ್ಪ ಇರಬೇಕು. ಕೊಳವೆಯೊಳಗೆ ವೈರ್ ಜಾರಲು ಸ್ವಲ್ಪ ಟಾಲ್ಕಂ ಪೌಡರ್ ಹಾಕಿದೆ. ಬೆಳಿಗ್ಗೆ ಶುರು ಮಾಡಿದವನು ಕೈ ತೊಳೆಯುವಾಗ ಕತ್ತಲಾಗಿತ್ತು.

ಬ್ಯಾಟರಿ ಜೋಡಿಸಿದ ಮೇಲೆ ಬಾಗಿಲಿಗೆ ತಾನೆಲ್ಲಿದ್ದೇನೆ ಅನ್ನುವುದು ಮರೆತಿರುತ್ತದೆ. ಕೈಯಿಂದ ಪೂರ್ತಿ ಮುಚ್ಚಿ, ಸಾಫ್ಟ್‌ವೇರ್‌ನಲ್ಲಿ ಕಲಿಕೆಯ ಆಯ್ಕೆ ಒತ್ತಿ, ಒಂದು ಸಲ ಪೂರ್ತಿ ತೆರೆದು ಮುಚ್ಚಲು ಬಿಟ್ಟೆ. ನಡುವೆ ಮುಟ್ಟಬಾರದು. ಆಮೇಲೆ ನಮಗೆ ಬೇಕಾದ ಎತ್ತರದಲ್ಲಿ ನಿಲ್ಲಿಸಿ, ಬೀಪ್ ಬರುವ ತನಕ ಬಟನ್ ಒತ್ತಿ ಹಿಡಿದೆ. ಕೊನೆಗೆ ಸುತ್ತಿದ ಟವೆಲ್ ಒಂದನ್ನು ಅಡ್ಡ ಇಟ್ಟು ಬಾಗಿಲು ಹಿಂದೆ ಸರಿಯುತ್ತದೆಯೇ ಅಂತ ನೋಡಿದೆ. ಈ ಪರೀಕ್ಷೆಗೆ ಕೈ ಕೊಡಬೇಡಿ.

ಇಷ್ಟು ಕಾಲದಲ್ಲಿ ಬಾಗಿಲು ಇನ್ನೊಂದೇ ಸಲ ತೊಂದರೆ ಕೊಟ್ಟಿದೆ. ಮುಚ್ಚಿದ್ದರೂ ಡ್ಯಾಶ್‌ಬೋರ್ಡ್‌ನಲ್ಲಿ ತೆರೆದಿದೆ ಅಂತ ಬರುತ್ತಿತ್ತು. ಲೈವ್ ಡೇಟಾದಲ್ಲಿ ನೋಡಿದರೆ ಲಾಕ್ ಒಳಗಿನ ಒಂದು ಮೈಕ್ರೋಸ್ವಿಚ್ ಬದಲಾಗುತ್ತಲೇ ಇರಲಿಲ್ಲ. ಹತ್ತು ನಿಮಿಷದಲ್ಲಿ ಗೊತ್ತಾಯಿತು, ಲಾಕ್ ಒಂದನ್ನೇ ಬದಲಿಸಿದೆ. ಎಬಿಎಸ್ ಲೈಟ್ ಬಂದಾಗ ಯಾವ ಚಕ್ರದ ಸೆನ್ಸರ್ ಅಂತ ಹುಡುಕಿದ್ದು, ಹೊಸ ಬ್ಯಾಟರಿಯನ್ನು ಕಾರಿಗೆ ಪರಿಚಯ ಮಾಡಿಸಿದ್ದು, ಇವೂ ಇದರಿಂದಲೇ.

ಬೇಜಾರಿನ ವಿಷಯಗಳೂ ಇವೆ. ಒಮ್ಮೆ ವಿಂಡೋಸ್ ತಾನಾಗಿ ಅಪ್‌ಡೇಟ್ ಆಗಿ ಡ್ರೈವರ್ ಕೆಟ್ಟಿತು, ಲೇಟೆನ್ಸಿ ಟೈಮರ್ ಮತ್ತೆ 16ಕ್ಕೆ ಹೋಗಿತ್ತು. ಈಗ ಆ ಲ್ಯಾಪ್‌ಟಾಪ್‌ಗೆ ಇಂಟರ್ನೆಟ್ ಕೊಡುವುದು ಬೇಕಾದಾಗ ಮಾತ್ರ. ಲೈಸೆನ್ಸ್ ಕೇಬಲ್‌ಗೇ ಅಂಟಿಕೊಂಡಿದೆ, ಕೇಬಲ್ ಕಳೆದರೆ ಎಲ್ಲ ಹೋದ ಹಾಗೆ. ಕೆಲವು ಅಳತೆಗಳ ಹೆಸರು ಎಷ್ಟು ಮೊಟಕಾಗಿವೆ ಅಂದರೆ ಅರ್ಥಕ್ಕೆ ವೈರಿಂಗ್ ನಕ್ಷೆ ಪಕ್ಕದಲ್ಲಿರಲೇಬೇಕು. ಕೇಬಲ್ ಅನ್ನು ಸಾಕೆಟ್ಟಿನಲ್ಲೇ ಬಿಟ್ಟು ಹೋಗಬಾರದು. ಅಲ್ಲಿನ 16ನೇ ಪಿನ್‌ನಲ್ಲಿ ಬ್ಯಾಟರಿಯ ಕರೆಂಟು ಸದಾ ಇರುತ್ತದೆ, ಕಾರು ನಿದ್ದೆಗೆ ಹೋಗದೇ ಇರಬಹುದು. ಮೂರು ದಿನ ಮರೆತು ಬಿಟ್ಟಾಗ ನನಗೆ ಕಾರು ಸ್ಟಾರ್ಟ್ ಆಗಲಿಲ್ಲ.

ಕೋಡಿಂಗ್ ಪುಟಕ್ಕೆ (ಮಾಡ್ಯೂಲ್‌ನ ಸೆಟ್ಟಿಂಗ್ ಬದಲಿಸುವ ಪುಟ) ಹೋಗುವವರು ಹಳೆಯ ಅಂಕಿಗಳನ್ನು ಮೊದಲು ಫೈಲಿನಲ್ಲೂ ಕಾಗದದಲ್ಲೂ ಬರೆದಿಟ್ಟುಕೊಳ್ಳಿ. ಬಾಗಿಲು ಮುಚ್ಚುವ ಬಲ, ಅಡ್ಡಿ ಗುರುತಿಸುವ ಸೂಕ್ಷ್ಮತೆ ಇವನ್ನು ಸುಮ್ನೆ ಬದಲಿಸಿ ನೋಡಬೇಡಿ. ಮಕ್ಕಳ ಬೆರಳು ಸಿಕ್ಕಿದಾಗ ಬಾಗಿಲು ನಿಲ್ಲುವುದು ಆ ಅಂಕಿಗಳಿಂದ. ಕಾರಿನ ಕೆಲಸದಲ್ಲಿ ಆಸಕ್ತಿ ಇಲ್ಲದವರಿಗೆ ಈ ಖರ್ಚು ಬೇಡ, ಲೈವ್ ಡೇಟಾ ತೋರಿಸಿ ಮಾತಾಡುವ ಒಳ್ಳೆಯ ಮೆಕ್ಯಾನಿಕ್ ಸಿಕ್ಕರೆ ಸಾಕು. ಹೊಸ ಭಾಗ ಹಾಕಬೇಕು ಅಂದಾಗ ಎಡಬಲದ ಲೆಕ್ಕ ತೋರಿಸಿ ಅಂತ ಕೇಳಿ. ಸ್ವಲ್ಪ ಕೈಕೆಲಸ ಗೊತ್ತಿರುವವರಿಗೆ ಮಾತ್ರ ನಾನು ಕಣ್ಣುಮುಚ್ಚಿ ಹೇಳುತ್ತೇನೆ, ತಗೊಳ್ಳಿ.

ಹೋದ ವಾರ ಮತ್ತೆ ಕೇಬಲ್ ಹಾಕಿ ನೋಡಿದೆ. ಎಡ, ಬಲ ಎರಡೂ ಕೊನೆಯ ತನಕ ಜೊತೆಯಾಗೇ ಹೋದವು, ವ್ಯತ್ಯಾಸ ಎರಡೋ ಮೂರೋ ಅಷ್ಟೇ. ಬಲಗಡೆಯ ರಬ್ಬರ್ ಕೊಳವೆಯನ್ನು ನಾನಿನ್ನೂ ಬಿಚ್ಚಿಲ್ಲ. ಆ ವೈರ್‌ಗಳಿಗೂ ಅಷ್ಟೇ ವಯಸ್ಸಾಗಿದೆ. ಸಿಲಿಕೋನ್ ವೈರ್ ಉಳಿದದ್ದು ಇದೆ, ಒಂದು ರಜಾ ದಿನ ನೋಡಿ ಅದನ್ನೂ ತೆರೆಯುತ್ತೇನೆ.