ಚೇಂಬರ್ ಬಿಚ್ಚದೆ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್: ಹೀರಬೇಕೋ, ಇಳಿಸಬೇಕೋ, ಪೈಪಿನಿಂದ ತಳ್ಳಿಸಬೇಕೋ?

ದಾವಣಗೆರೆಯಲ್ಲಿ ಯಾರನ್ನೇ ಕೇಳಿ, ಎಂಜಿನ್ ಆಯಿಲ್ ಎಷ್ಟು ಕಿಲೋಮೀಟರಿಗೆ ಬದಲಿಸಬೇಕು ಅಂತ ಥಟ್ಟನೆ ಹೇಳುತ್ತಾರೆ. ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್ ಅಂದ ಕೂಡಲೇ ಉತ್ತರ ಎರಡೇ: ‘ಅದನ್ನ ಮುಟ್ಟಾಕ ಹೋಗಬ್ಯಾಡ್ರಿ’, ಇಲ್ಲವೇ ‘ಬೆಂಗಳೂರಿಗೆ ಒಯ್ಯಿರಿ’. ನನಗೆ ಎರಡೂ ಒಪ್ಪಿಗೆಯಾಗಲಿಲ್ಲ. ಚೇಂಬರ್, ಅಂದರೆ ಗೇರ್‌ಬಾಕ್ಸಿನ ತಳದಲ್ಲಿ ಆಯಿಲ್ ನಿಲ್ಲುವ ತಟ್ಟೆ, ಅದನ್ನು ಬಿಚ್ಚದೆ ಮನೆಯಲ್ಲೇ ಈ ಆಯಿಲ್ ಬದಲಿಸಲು ಮೂರು ದಾರಿಗಳಿವೆ. ಮೂರನ್ನೂ ಒಂದೇ ಕಾರಿನ ಮೇಲೆ ಮಾಡಿ ನೋಡಿದ್ದೇನೆ. ಒಬ್ಬರೇ ಮಾಡುವವರಿಗೆ ತಳದ ಡ್ರೈನ್ ಬೋಲ್ಟ್ ಬಿಚ್ಚಿ ಆಯಿಲ್ ಇಳಿಸುವ ದಾರಿಯೇ ಸರಿ ಅನ್ನುವುದು ನನ್ನ ತೀರ್ಮಾನ. ಆದರೆ ಸುರಿದ ಪ್ರತಿ ಲೀಟರಿಗೂ ಹೆಚ್ಚು ಫಲ ಕೊಡುವುದು ಮೂರನೆಯದು, ಅಂದರೆ ಕೂಲರ್ ಪೈಪಿನದು.

ಕಾರು ಹಳೆಯ ಕೊರೊಲ್ಲಾ ಆಲ್ಟಿಸ್, ನಾಲ್ಕು ಗೇರಿನ ಆಟೋಮ್ಯಾಟಿಕ್. ಇದರ ಗೇರ್‌ಬಾಕ್ಸಿಗೆ ಆಯಿಲ್ ಮಟ್ಟ ನೋಡುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ಇದೆ, ಚೇಂಬರಿನ ತಳದಲ್ಲಿ ಡ್ರೈನ್ ಬೋಲ್ಟ್ ಇದೆ, ಆಯಿಲ್ ತಣಿಸಲು ರೇಡಿಯೇಟರಿಗೆ ಹೋಗಿ ಬರುವ ಎರಡು ಪೈಪುಗಳಿವೆ. ಈ ಮೂರೂ ಇರುವ ಕಾರಿಗೆ ಮಾತ್ರ ಈ ಹೋಲಿಕೆ ನೇರವಾಗಿ ಅನ್ವಯಿಸುತ್ತದೆ. ನಮ್ಮೂರ ರಸ್ತೆಯ ಮೇಲೆ ‘ಆಟೋಮ್ಯಾಟಿಕ್’ ಅನ್ನಿಸಿಕೊಂಡು ಓಡಾಡುವ ಸಣ್ಣ ಕಾರುಗಳಲ್ಲಿ ಬಹಳಷ್ಟು ಎಎಂಟಿ. ಅವುಗಳ ಒಳಗಿರುವುದು ಮಾಮೂಲಿ ಗೇರ್‌ಬಾಕ್ಸ್, ಮಾಮೂಲಿ ಗೇರ್ ಆಯಿಲ್. ಗೇರಿನ ಬದಲು ಬೆಲ್ಟ್ ಇರುವ ಸಿವಿಟಿಗೆ ಅದರದೇ ಬೇರೆ ಆಯಿಲ್. ಇನ್ನೋವಾ ಕ್ರಿಸ್ಟಾದಂಥ ಗಾಡಿಗಳಲ್ಲಿ ಡಿಪ್‌ಸ್ಟಿಕ್ಕೇ ಇಲ್ಲ. ಆಯಿಲ್ ನಿಗದಿತ ಬಿಸಿಗೆ ಬಂದಾಗ ಬೋಲ್ಟ್ ಬಿಚ್ಚಿ, ಹೆಚ್ಚಾದದ್ದು ಹರಿದು ಹೋಗಲು ಬಿಟ್ಟು ಮಟ್ಟ ನೋಡಬೇಕು. ಅದನ್ನು ಮನೆ ಮುಂದೆ ಮಾಡಲು ನಾನಂತೂ ಹೋಗುವುದಿಲ್ಲ.

ಇನ್ನೊಂದು ವಿಷಯ, ಇದರಲ್ಲಿ ರಾಜಿಯೇ ಇಲ್ಲ. ಬಿಡಿಭಾಗದ ಅಂಗಡಿಗೆ ಹೋಗಿ ಬರೀ ‘ಎಟಿಎಫ್ ಕೊಡ್ರಿ’ (ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲಿಗೆ ಅದೇ ಹೆಸರು) ಅಂದರೆ ಪವರ್ ಸ್ಟೀರಿಂಗಿಗೆ ಹಾಕುವ ಕೆಂಪು ಆಯಿಲಿನ ಡಬ್ಬಿ ಕೌಂಟರಿಗೆ ಬರುವ ಸಾಧ್ಯತೆಯೇ ಹೆಚ್ಚು. ಅದೂ ಎಟಿಎಫ್ಫೇ, ಅಂಗಡಿಯವರ ತಪ್ಪೇನಿಲ್ಲ. ಆದರೆ ಟೊಯೊಟಾದ ಎಟಿಎಫ್‌ಗಳಲ್ಲೇ ಟಿ-4 ಬೇರೆ, ಡಬ್ಲ್ಯುಎಸ್ ಬೇರೆ. ಒಂದರ ಬದಲು ಇನ್ನೊಂದನ್ನು ಹಾಕುವ ಹಾಗಿಲ್ಲ. ಮ್ಯಾನ್ಯುಯಲ್ ನೋಡಿ, ಡಿಪ್‌ಸ್ಟಿಕ್ ಮೇಲೆ ಕೊರೆದಿದ್ದರೆ ಅದನ್ನೂ ನೋಡಿ, ಹೆಸರು ಬರೆದುಕೊಂಡು ಹೋಗಿ. ಕೆಂಪು ಬಣ್ಣ ನೋಡಿ ಕೊಳ್ಳಬೇಡಿ.

ಮೊದಲು ಹೀರುವ ದಾರಿ. ಡಿಪ್‌ಸ್ಟಿಕ್ ತೆಗೆದು ಅದೇ ತೂತಿನಲ್ಲಿ ಸಣ್ಣ ಪೈಪು ಇಳಿಸಿ ಕೈಪಂಪಿನಿಂದ ಆಯಿಲ್ ಎಳೆಯುವುದು. ಜಾಕಿ ಬೇಡ, ಕಾರಿನ ಕೆಳಗೆ ಮಲಗುವುದು ಬೇಡ, ಬಟ್ಟೆ ಕೊಳೆಯಾಗುವುದಿಲ್ಲ. ಕೇಳಲು ಚೆನ್ನಾಗಿದೆ. ಮಾಡಲು ಕೂತರೆ ಬೇಸರ ಹಿಡಿಸುವ ಕೆಲಸ. ಸೀಮೆಎಣ್ಣೆ ಪಂಪಿನ ಪೈಪು ಆ ತೂತಿನಲ್ಲಿ ಇಳಿಯುವುದೇ ಇಲ್ಲ, ಅಷ್ಟು ದಪ್ಪ. ತೆಳ್ಳನೆಯ ಪೈಪು ಇರುವ ವ್ಯಾಕ್ಯೂಮ್ ಪಂಪೇ ಬೇಕು. ಪೈಪು ತೆಳ್ಳಗಾದಷ್ಟೂ ಆಯಿಲ್ ನಿಧಾನ. ತಣ್ಣಗಿದ್ದರಂತೂ ಎಳೆದು ಎಳೆದು ತೋಳು ನೋಯುತ್ತದೆ, ಎಂಜಿನ್ ಓಡಿಸಿ ಬೆಚ್ಚಗೆ ಮಾಡಿಕೊಂಡರೆ ವಾಸಿ. ಪೈಪಿನ ತುದಿ ಚೇಂಬರಿನ ತಳ ಮುಟ್ಟಿತೋ, ನಡುವೆ ಎಲ್ಲಿಯೋ ಬಾಗಿ ನಿಂತಿತೋ ತಿಳಿಯುವುದಿಲ್ಲ. ನನಗೆ ಎರಡು ಲೀಟರ್ ದಾಟಿಸಲು ಹೆಣಗಬೇಕಾಯಿತು. ತಳದಲ್ಲಿ ಕೂತ ಕೊಳೆ ಅಲ್ಲೇ ಉಳಿಯಿತು. ಆದರೂ ಆ ಪಂಪನ್ನು ಮಾರಿಲ್ಲ. ಆಯಿಲ್ ಹೆಚ್ಚಾಗಿ ಬಿದ್ದಾಗ ಕಾಲು ಲೀಟರ್ ಹಿಂದಕ್ಕೆ ಎಳೆಯಲು ಅದರಷ್ಟು ಅನುಕೂಲ ಬೇರೆ ಇಲ್ಲ. ನನ್ನ ಲೆಕ್ಕದಲ್ಲಿ ಅದು ಆ ಕೆಲಸದ ಸಲಕರಣೆ.

ಎರಡನೆಯದು ಡ್ರೈನ್ ಬೋಲ್ಟ್. ಮುಂಭಾಗ ಜಾಕಿಯಿಂದ ಎತ್ತಿ, ಸ್ಟ್ಯಾಂಡ್ ಕೊಟ್ಟು (ಬರೀ ಜಾಕಿಯ ಮೇಲೆ ನಿಂತ ಕಾರಿನ ಕೆಳಗೆ ಹೋಗುವವರಿಗೆ ನಾನು ಏನೂ ಹೇಳಲಾರೆ), 10 ಎಂಎಂ ಅಲೆನ್ ಕೀ ಹಾಕಿ ಬಿಚ್ಚುವುದು. ಈ ಕಾರಿನಲ್ಲಿ ಎಂಜಿನ್ ಆಯಿಲಿನ ಬೋಲ್ಟಿಗೆ ಹೊರಗಿನಿಂದ 14ರ ಸ್ಪ್ಯಾನರ್ ಬೀಳುತ್ತದೆ, ಗೇರ್‌ಬಾಕ್ಸಿನದಕ್ಕೆ ಒಳಗೆ ಅಲೆನ್ ಕೀ. ಇಷ್ಟು ನೆನಪಿದ್ದರೆ ಎಂಜಿನ್ ಆಯಿಲ್ ಇಳಿಸಲು ಹೋಗಿ ಗೇರ್‌ಬಾಕ್ಸ್ ಖಾಲಿ ಮಾಡುವ ಪ್ರಮೇಯ ಬರುವುದಿಲ್ಲ. ಗಡಿಬಿಡಿಯ ಗ್ಯಾರೇಜುಗಳಲ್ಲಿ ಹಾಗಾದದ್ದೂ ಉಂಟು.

ಬೋಲ್ಟ್ ಬಿಚ್ಚಿದರೆ ಬರುವುದು ಎರಡೂವರೆ ಲೀಟರಿನ ಮೇಲೆ ಸ್ವಲ್ಪ. ಒಟ್ಟು ಆಯಿಲ್ ಸುಮಾರು ಆರೂವರೆ ಲೀಟರ್. ಉಳಿದದ್ದು ಟಾರ್ಕ್ ಕನ್ವರ್ಟರ್ (ಎಂಜಿನ್ನಿನ ಬಲವನ್ನು ಆಯಿಲಿನ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ), ಕೂಲರ್, ವಾಲ್ವ್ ಬಾಡಿ (ಆಯಿಲನ್ನು ಬೇಕಾದ ಗೇರಿಗೆ ಹರಿಸುವ ಭಾಗ) ಇವುಗಳಲ್ಲಿ ಸಿಕ್ಕಿಕೊಂಡಿರುತ್ತದೆ, ಬೋಲ್ಟಿನಿಂದ ಇಳಿಯುವುದಿಲ್ಲ. ಅಂದರೆ ಒಂದು ಸಲಕ್ಕೆ ಹೊಸದಾಗುವುದು ಶೇ. 40ರಷ್ಟು. ಹೊಸದು ತುಂಬಿ, ಎಲ್ಲ ಗೇರಿಗೂ ಹಾಕಿ, ಒಂದಿಷ್ಟು ಓಡಿಸಿ ಚೆನ್ನಾಗಿ ಬೆರೆಸಿ ಮತ್ತೆ ಇಳಿಸಿದರೆ ಶೇ. 64. ಮೂರನೆಯ ಸಲಕ್ಕೆ ಶೇ. 78. ಹೀಗೆ ಎಂಟು ಲೀಟರಿನ ಹತ್ತಿರ ಸುರಿದರೂ ಐದರಲ್ಲೊಂದು ಪಾಲು ಹಳೆಯದು ಒಳಗೇ ಇರುತ್ತದೆ. ಎರಡು ಸಲದ ನಡುವೆ ಹರಿಹರಕ್ಕೆ ಹೋಗಿ ಬಂದರೆ ಬೆರೆಯುವುದಕ್ಕೆ ಧಾರಾಳವಾಯಿತು, ದಿನಗಟ್ಟಲೆ ಕಾಯಬೇಕಿಲ್ಲ. ಕಾಯ್ದರೆ ನಷ್ಟವೂ ಇಲ್ಲ. ಪ್ರತಿ ಎಂಜಿನ್ ಆಯಿಲ್ ಬದಲಾವಣೆಯ ಹೊತ್ತಿಗೆ ಒಂದೊಂದು ಸಲ ಇಳಿಸುತ್ತಾ ಹೋದರೆ ಖರ್ಚು ಒಮ್ಮೆಲೇ ಮೈಮೇಲೆ ಬೀಳುವುದಿಲ್ಲ.

ಇದರ ದೊಡ್ಡ ಗುಣ ಸುರಕ್ಷತೆ. ಎಂಜಿನ್ ಆಫ್ ಆಗಿರುತ್ತದೆ, ಗೇರ್‌ಬಾಕ್ಸಿನ ಒಳಗಿನ ಪಂಪು ಖಾಲಿ ಓಡುವ ಭಯವಿಲ್ಲ, ಎಷ್ಟು ಬಂತೋ ಅಳೆದು ಅಷ್ಟೇ ಹಾಕಿದರೆ ಮಟ್ಟ ಹೆಚ್ಚುಕಡಿಮೆ ಸರಿಯಾಗೇ ಇರುತ್ತದೆ. ಬೋಲ್ಟಿನ ವಾಶರ್ ಮಾತ್ರ ಹೊಸದು ಹಾಕಿ. ಹಳೆಯದನ್ನೇ ತಿರುಗಿಸಿ ಹಾಕಿದರೂ ನಡೆಯುತ್ತದೆ ಅನ್ನುವವರ ಪೋರ್ಟಿಕೊದಲ್ಲಿ ಕೆಂಪು ಕಲೆ ಕಾಣುತ್ತದೆ.

ಮೂರನೆಯದನ್ನು ಕೊಂಚ ವಿವರವಾಗಿ ಹೇಳಬೇಕು. ಗೇರ್‌ಬಾಕ್ಸಿನ ಒಳಗೇ ಪಂಪು ಇದೆ. ಎಂಜಿನ್ ಓಡುವಾಗ ಅದು ಚೇಂಬರಿನ ಆಯಿಲನ್ನು ಎಳೆಯುತ್ತದೆ. ಕನ್ವರ್ಟರ್ ಹಾಯ್ದು ಬಂದ ಆಯಿಲ್ ರೇಡಿಯೇಟರಿನ ಕೂಲರಿಗೆ ಹೋಗಿ ತಣಿದು ವಾಪಸ್ ಬರುತ್ತದೆ. ಆ ವಾಪಸ್ ಪೈಪು ಬಿಚ್ಚಿ ಅಳತೆ ಗೆರೆ ಇರುವ ಡಬ್ಬಿಗೆ ಹಿಡಿದರೆ ಗೇರ್‌ಬಾಕ್ಸ್ ತನ್ನ ಹಳೆಯ ಆಯಿಲನ್ನು ತಾನೇ ಹೊರಗೆ ತಳ್ಳುತ್ತದೆ, ಬೋಲ್ಟಿಗೆ ಸಿಗದ ಕನ್ವರ್ಟರಿನ ಆಯಿಲ್ ಸಹಿತ. ಮೊದಲು ಬೋಲ್ಟಿನಿಂದ ಇಳಿಸಿ ಹೊಸದು ತುಂಬಿ, ಆಮೇಲೆ ಈ ಕೆಲಸ ಶುರುಮಾಡುವುದು ಕ್ರಮ. ಎಂಜಿನ್ ಶುರು, ಒಂದು ಲೀಟರ್ ಬಂದ ಕೂಡಲೇ ಆಫ್, ಮೇಲಿನಿಂದ ಒಂದು ಲೀಟರ್ ಹೊಸದು, ಮತ್ತೆ ಶುರು. ಬರುವ ಬಣ್ಣ ಕಂದಿನಿಂದ ಕೆಂಪಿಗೆ ತಿರುಗುವವರೆಗೆ. ಎಂಟು ಲೀಟರಿನ ಒಳಗೆ ಬಣ್ಣ ತಿಳಿಯಾಯಿತು. ಅಷ್ಟೇ ಆಯಿಲಿನಲ್ಲಿ ಬೋಲ್ಟ್ ದಾರಿ ಇದಕ್ಕೆ ಸಾಟಿಯಿಲ್ಲ.

ಕಷ್ಟ ಎಲ್ಲಿ ಅಂದರೆ, ಅರ್ಧ ನಿಮಿಷದ ಆಸುಪಾಸಿನಲ್ಲಿ ಲೀಟರ್ ಬಂದುಬಿಡುತ್ತದೆ. ಆಫ್ ಮಾಡುವುದು ತಡವಾದರೆ ಪಂಪು ಗಾಳಿ ಎಳೆಯುತ್ತದೆ, ಗಾಳಿ ಎಳೆದ ಪಂಪು ಸವೆಯುತ್ತದೆ. ಒಬ್ಬರು ಸ್ಟೀರಿಂಗಿನಲ್ಲಿ, ಒಬ್ಬರು ಡಬ್ಬಿಯ ಹತ್ತಿರ ಇರಲೇಬೇಕು. ನಾನು ತಮ್ಮನನ್ನು ಕೂರಿಸಿದ್ದೆ. ‘ಅಣ್ಣಾ, ಬಂದ್ ಮಾಡ್ಲಾ?’ ಅಂತ ಅವನು ಕೇಳುವಷ್ಟರಲ್ಲಿ ಮುಕ್ಕಾಲು ಲೀಟರ್ ಆಗಿರುತ್ತಿತ್ತು. ಮಾತಿಗಿಂತ ಕೈಸನ್ನೆ ವಾಸಿ. ಎರಡು ಪೈಪಿನಲ್ಲಿ ವಾಪಸ್ ಪೈಪು ಯಾವುದು ಅಂತ ಮೊದಲೇ ಖಚಿತ ಮಾಡಿಕೊಳ್ಳಬೇಕು. ಇಲ್ಲದಿದ್ದರೆ ಆಯಿಲ್ ಡಬ್ಬಿ ಬಿಟ್ಟು ನೆಲಕ್ಕೆ ಚಿಮ್ಮುತ್ತದೆ. ಹದಿನೈದು ವರ್ಷ ದಾವಣಗೆರೆಯ ಬಿಸಿಲು ಕಂಡ ರಬ್ಬರ್ ಪೈಪು ಕಲ್ಲಿನ ಹಾಗೆ ಗಟ್ಟಿಯಾಗಿರುತ್ತದೆ, ಎಳೆದರೆ ಸೀಳಬಹುದು. ಹೊಸ ಪೈಪು, ಕ್ಲಿಪ್ಪು ಕೈಗೆ ಸಿಗುವ ಹಾಗಿಟ್ಟುಕೊಂಡೇ ಬಿಚ್ಚಿ. ಭಾನುವಾರ ಸಂಜೆ ಪೈಪು ಸೀಳಿದರೆ ಕಾರು ಸೋಮವಾರದವರೆಗೆ ನಿಂತಲ್ಲೇ.

ಮಷೀನು ಹಚ್ಚಿ ಆಯಿಲ್ ಬದಲಿಸುವ ಗ್ಯಾರೇಜುಗಳೂ ಇವೆ. ಮಾಡುವುದು ಹೆಚ್ಚುಕಡಿಮೆ ಇದನ್ನೇ, ಆಯಿಲ್ ಇನ್ನೂ ಹೆಚ್ಚು ಕುಡಿಯುತ್ತದೆ. ಮನೆ ಕೆಲಸದ ಹೋಲಿಕೆಗೆ ಅದು ಬರುವುದಿಲ್ಲ.

ಯಾವ ದಾರಿ ಹಿಡಿದರೂ ಕೊನೆಗೆ ಮಟ್ಟ ನೋಡುವುದು ಒಂದೇ ರೀತಿ, ಹೆಚ್ಚು ಜನ ಎಡವುವುದೂ ಅಲ್ಲೇ. ತಣ್ಣಗಿರುವಾಗ ನೋಡಿದ ಮಟ್ಟವನ್ನು ನಂಬಬೇಡಿ. ಓಡಿಸಿ ಆಯಿಲ್ 70–80 ಡಿಗ್ರಿಗೆ ಬಂದ ಮೇಲೆ, ಎಂಜಿನ್ ಐಡ್ಲಿಂಗಿನಲ್ಲಿರುವಾಗ, ಬ್ರೇಕ್ ಒತ್ತಿ ಎಲ್ಲ ಗೇರಿಗೂ ಒಮ್ಮೆ ಹಾಕಿ ಪಾರ್ಕಿಗೆ ತಂದು, ‘ಹಾಟ್’ ಗುರುತಿನ ಎರಡು ಗೆರೆಗಳ ನಡುವೆ ಇದೆಯೇ ನೋಡಬೇಕು. ನೆಲ ಸಮ ಇರಬೇಕು. ನಮ್ಮ ವಿದ್ಯಾನಗರದ ಮನೆಯ ಪೋರ್ಟಿಕೊ ನೀರು ಹರಿಯಲೆಂದು ಇಳಿಜಾರಾಗಿದೆ, ಹಾಗಾಗಿ ಮಟ್ಟ ನೋಡಲು ಕಾರನ್ನು ರಸ್ತೆಗೇ ಇಳಿಸುತ್ತೇನೆ. ಡಿಪ್‌ಸ್ಟಿಕ್ ತೆಗೆಯುವ ಮೊದಲು ಸುತ್ತಲಿನ ಧೂಳು ಒರೆಸಿ. ರೈಸ್ ಮಿಲ್ಲುಗಳ ಕಡೆಯಿಂದ ಹಾರಿ ಬರುವ ಬೂದಿ ನಮ್ಮಲ್ಲಿ ಬಾನೆಟ್ಟಿನ ಒಳಗೂ ಕೂತಿರುತ್ತದೆ. ಒರೆಸುವ ಬಟ್ಟೆಯ ನೂಲು ಕಿತ್ತು ಬರುವಂತಿರಬಾರದು.

ಇಳಿದ ಆಯಿಲನ್ನು ಚರಂಡಿಗೆ ಚೆಲ್ಲಬೇಡಿ, ಕಾನೂನಿನ ಪ್ರಕಾರವೂ ಅದು ಅಪಾಯಕಾರಿ ತ್ಯಾಜ್ಯ. ಹಳೆಯ ಆಯಿಲಿನ ಡ್ರಮ್ಮು ಇಟ್ಟಿರುವ ಗ್ಯಾರೇಜಿಗೆ ಕೊಟ್ಟರೆ ತೆಗೆದುಕೊಳ್ಳುತ್ತಾರೆ.

ಹಾಗೆ ಕೊಡಲು ಹೋದಾಗಲೇ ಹಳೇ ಪಿ.ಬಿ. ರಸ್ತೆಯ ಕಡೆಯ ಒಬ್ಬ ಹಿರಿಯ ಮೇಸ್ತ್ರಿ ನನ್ನ ಡಬ್ಬಿ ನೋಡಿ, ‘ಚೇಂಬರ್ ಬಿಚ್ಚಿಲ್ಲ ಅಂದ್ರ ಮ್ಯಾಗ್ನೆಟ್ ನೋಡಿಲ್ಲ ಅಂತಾತು ಸರ’ ಅಂದರು. ಮಾತು ಸರಿಯೇ. ಚೇಂಬರಿನ ಒಳಗಿನ ಅಯಸ್ಕಾಂತಗಳು ಹಿಡಿದ ಕಬ್ಬಿಣದ ಪುಡಿಯನ್ನೂ, ಆಯಿಲ್ ಸೋಸುವ ಫಿಲ್ಟರನ್ನೂ ಈ ಮೂರೂ ದಾರಿಗಳು ಮುಟ್ಟುವುದಿಲ್ಲ. ನುಣ್ಣನೆಯ ಬೂದು ಪುಡಿ ಸಹಜ ಸವೆತ. ಇಳಿಸಿದ ಆಯಿಲಿನಲ್ಲಿ ಬೆರಳಿಗೆ ತಾಗುವ ಲೋಹದ ಚೂರು ಕಂಡರೆ, ಸುಟ್ಟ ವಾಸನೆ ಬಂದರೆ, ಗೇರ್ ಜಾರುತ್ತಿದ್ದರೆ ಮನೆಯ ಪ್ರಯೋಗ ಅಲ್ಲಿಗೇ ನಿಲ್ಲಿಸಬೇಕು. ಹೊಸ ಆಯಿಲ್ ಸವೆದ ಕ್ಲಚ್ಚನ್ನು ಮರಳಿ ಕೊಡುವುದಿಲ್ಲ. ನನ್ನ ಕಾರಿನಲ್ಲಿ ಅಂಥದ್ದೇನೂ ಕಂಡಿಲ್ಲ, ಹಾಗಾಗಿ ಬೋಲ್ಟಿನಿಂದಲೇ ಮುಂದುವರಿಸುತ್ತಿದ್ದೇನೆ. ಚೇಂಬರಿನ ಗ್ಯಾಸ್ಕೆಟ್ ಜಿನುಗಲು ಶುರುವಾದರೆ ಹೇಗೂ ಬಿಚ್ಚಲೇಬೇಕು. ಆಗ ಫಿಲ್ಟರು, ಗ್ಯಾಸ್ಕೆಟ್ ಎರಡನ್ನೂ ಮೊದಲೇ ತರಿಸಿಟ್ಟುಕೊಂಡು ಅದೇ ಮೇಸ್ತ್ರಿಯ ಕೈಗೆ ಕೊಡುತ್ತೇನೆ.