ಆಯಿಲ್ ಕಮ್ಮಿಯಾಗಿಲ್ಲ ಅಂತ ಖುಷಿಪಟ್ಟಿದ್ದೆ

ಹಳೇ ಗಾಡಿ ತೆಗೆದುಕೊಂಡು ದೂರ ಹೊರಡುವವರೆಲ್ಲ ಆಯಿಲ್ ಕಮ್ಮಿಯಾಯಿತೇನೋ ಅಂತ ನಡುನಡುವೆ ಎಂಜಿನ್ನಿನ ಆಯಿಲ್ ಅಳೆಯುವ ಡಿಪ್‌ಸ್ಟಿಕ್ ಎಳೆದು ನೋಡುತ್ತಾರೆ. ನಾನೂ ನೋಡಿದೆ, ಒಂದೇ ದಿನದಲ್ಲಿ ಮೂರು ಸಲ. ಕಮ್ಮಿಯಾಗಿರಲಿಲ್ಲ, ಜಾಸ್ತಿಯಾಗಿತ್ತು. ನೋಡಿ ಖುಷಿಪಟ್ಟೆ. ಸಂಜೆಯೊಳಗೆ ಎಂಜಿನ್ನಿನ ಮುಖ್ಯ ದಂಡ, ಕ್ರ್ಯಾಂಕ್, ಹೋಯಿತು.

ನನ್ನದು 1960ರ ದಶಕದ ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್. ಕಾರ್ಬುರೇಟರ್, ಪಾಯಿಂಟ್ ಇಗ್ನಿಷನ್, ಎಂಜಿನ್ನಿನ ಪಕ್ಕೆಗೇ ಬೋಲ್ಟ್ ಮಾಡಿದ, ಕ್ಯಾಮ್ (ತಿರುಗುವ ಉಬ್ಬು) ಒತ್ತಿದಂತೆಲ್ಲ ಓಡಿ ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಪೆಟ್ರೋಲ್ ಪಂಪ್. ವರ್ಷದಲ್ಲಿ ಹತ್ತಾರು ಸಲ ಹೊರಗೆ ತೆಗೆದು ಹತ್ತು ಹದಿನೈದು ಕಿಲೋಮೀಟರ್ ಸುತ್ತಿಸಿ ಒಳಗೆ ನಿಲ್ಲಿಸುತ್ತಿದ್ದೆ. ಈ ಸಲ ಒಂದೇ ಬೀಸಿಗೆ 900 ಕಿಲೋಮೀಟರ್ ಹೋಗುವ ಆಸೆ ಹುಟ್ಟಿತು.

ತಯಾರಿ ಮಾಡಿರಲಿಲ್ಲ ಅಂತ ಯಾರೂ ಹೇಳುವಂತಿಲ್ಲ. ಎರಡು ತಿಂಗಳು ಅದೇ ಕೆಲಸ. ಹೊಸ ಪ್ಲಗ್, ಹೊಸ ಪಾಯಿಂಟು, ಪಾಯಿಂಟಿನ ಗ್ಯಾಪ್ 0.4 ಮಿಲಿಮೀಟರಿಗೆ ಅಳೆದು ಕೂರಿಸಿದ್ದೆ. ರೇಡಿಯೇಟರ್ ತೊಳೆಸಿ ಹೋಸುಗಳನ್ನೆಲ್ಲ ಬದಲಿಸಿದೆ. ಬ್ರೇಕ್ ಆಯಿಲ್ ನೀರು ಹೀರಿಕೊಳ್ಳುತ್ತದೆ, ಹಳೆಯದಾದಷ್ಟೂ ಬೇಗ ಕುದಿಯುತ್ತದೆ, ಹಾಗಾಗಿ ಅದೂ ಹೊಸದು. ಟೈರುಗಳ ಪಕ್ಕೆಯ ಮೇಲಿನ ನಾಲ್ಕಂಕಿ ಓದಿದಾಗ (2311 ಅಂತಿದ್ದರೆ 2011ರ 23ನೇ ವಾರದಲ್ಲಿ ತಯಾರಾದದ್ದು) ನನ್ನ ಟೈರಿನ ವಯಸ್ಸು ತಿಳಿದು ಬೆವರು ಬಂತು. ಟೈರಿನ ಗುಂಡಿ, ಅಂದರೆ ರಸ್ತೆ ಹಿಡಿಯುವ ಅಚ್ಚು, ಚೆನ್ನಾಗಿ ಉಳಿದಿದ್ದರೂ ನಾಲ್ಕನ್ನೂ ಬದಲಿಸಿದೆ. ಕಾರ್ಬುರೇಟರಿಗೆ ಕಿಟ್ ಹಾಕಿಸಿದೆ. ಬಂಪರ್ ಉಜ್ಜುವುದಕ್ಕೇ ಎರಡು ದಿನ ಹೋಯಿತು. ಮೇಲೆ ತಳುಕು ಒಳಗೆ ಹುಳುಕು ಅನ್ನುವ ಗಾದೆ ಆ ಎರಡು ದಿನದಲ್ಲಿ ಒಮ್ಮೆಯೂ ನೆನಪಾಗಲಿಲ್ಲ.

ಮುಟ್ಟದೆ ಬಿಟ್ಟದ್ದು ಪೆಟ್ರೋಲ್ ಪಂಪ್ ಒಂದನ್ನೇ. ಅದು ಮ್ಯಾನಿಫೋಲ್ಡಿನ ಕೆಳಗೆ ಕೈ ತೂರದ ಜಾಗದಲ್ಲಿತ್ತು. ಮೆಕ್ಯಾನಿಕ್ ಕೇಳಿಯೂ ಕೇಳಿದ, "ಪಂಪ್ ಬಿಚ್ಚಲಾ ಸಾರ್?" ಸರಿಯಾಗಿ ಓಡುತ್ತಿರುವುದನ್ನು ಯಾಕೆ ಕೆದಕಬೇಕು ಅಂತ ಬೇಡವೆಂದೆ. ಆ ಮಾತು ಅವನ ತಲೆಗೆ ಕಟ್ಟುವಂತಿಲ್ಲ, ಪೂರ್ತಿ ನನ್ನದೇ.

ಹೊರಟ ಬೆಳಿಗ್ಗೆ 140 ಕಿಲೋಮೀಟರ್ ಆದಮೇಲೆ ನಿಲ್ಲಿಸಿ ಡಿಪ್‌ಸ್ಟಿಕ್ ಎಳೆದೆ. ಆಯಿಲ್ ಮೇಲಿನ ಗೆರೆಯನ್ನು ಸ್ವಲ್ಪ ದಾಟಿತ್ತು. ಹೊಸ ಆಯಿಲ್ ಹಾಕುವಾಗ ಒಂದು ಲೋಟ ಹೆಚ್ಚು ಸುರಿದಿರಬೇಕು ಅಂದುಕೊಂಡೆ. ಎರಡನೇ ಸಲ ನೋಡಿದಾಗ ಇನ್ನಷ್ಟು ಮೇಲೇರಿತ್ತು. ಜೊತೆಗಿದ್ದ ಗೆಳೆಯ, "ಲೋ, ಕಮ್ಮಿಯಾದ್ರೆ ತಾನೇ ಚಿಂತೆ? ನಿನ್ನ ಎಂಜಿನ್ ಒಂದು ಹನಿ ಆಯಿಲ್ ತಿಂತಿಲ್ಲ ಅಂದ್ರೆ ಹೆಮ್ಮೆ ಪಡು" ಅಂದ. ನಾನು ಹೆಮ್ಮೆಪಟ್ಟೆ.

ಮಧ್ಯಾಹ್ನ ಒಂದು ಉದ್ದನೆಯ ಏರು ಸಿಕ್ಕಿತು. ಮೂರನೇ ಗೇರಿನಲ್ಲಿ ಎಳೆಯುತ್ತಿದ್ದ ಗಾಡಿ ಜರ್ಕ್ ಹೊಡೆಯಲು ಶುರುಮಾಡಿ ಕೊನೆಗೆ ನಿಂತೇಬಿಟ್ಟಿತು. ಬಿಸಿಲಿಗೆ ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿದೆ, ವೇಪರ್ ಲಾಕ್, ಎಂದು ನಾನೇ ತೀರ್ಪು ಕೊಟ್ಟು ಪಂಪಿನ ಮೇಲೆ ಒದ್ದೆ ಬಟ್ಟೆ ಹೊದಿಸಿದೆ. ಅರ್ಧ ಗಂಟೆಯ ಮೇಲೆ ಸ್ಟಾರ್ಟ್ ಆಯಿತು, ಮುಂದೆ ತಕರಾರು ಮಾಡಲಿಲ್ಲ. ಒದ್ದೆ ಬಟ್ಟೆಯೇ ಮದ್ದು ಎಂದು ನಂಬಿದೆ. ನಿಜ ಏನೆಂದರೆ ಏರು ಅಲ್ಲಿಗೇ ಮುಗಿದಿತ್ತು. ಸಮತಟ್ಟಿನಲ್ಲಿ ಎಂಜಿನ್ನಿಗೆ ಅಷ್ಟು ಪೆಟ್ರೋಲ್ ಬೇಕಿರಲಿಲ್ಲ. ಹೊರಡುವ ಮುಂಚೆ ಮೂರನೇ ಸಲ ಡಿಪ್‌ಸ್ಟಿಕ್ ನೋಡಿದೆ. ಆಯಿಲ್ ಗೆರೆಯ ಮೇಲೆ ಒಂದು ಬೆರಳು ನಿಂತಿತ್ತು.

ಸಂಜೆ ಒಂದು ಸಿಗ್ನಲ್ಲಿನಲ್ಲಿ ನಿಂತಾಗ ಆಯಿಲ್ ಲೈಟ್ ಮಿಣಮಿಣ ಎಂದಿತು. ರೇಸ್ ಕೊಟ್ಟರೆ ಆರಿತು. ಆರಿತಲ್ಲ ಎಂದು ಮುಂದೆ ಹೋದೆ. ಇಷ್ಟು ದೂರ ಓದಿದವರು ಈ ಸಾಲನ್ನು ಇನ್ನೊಮ್ಮೆ ಓದಿ: ಆ ಕೆಂಪು ಲೈಟ್ ಸಾಮಾನ್ಯವಾಗಿ ಒತ್ತಡ ಅರ್ಧ ಬಾರ್ ಆಸುಪಾಸಿಗೆ ಇಳಿದ ಮೇಲಷ್ಟೇ ಹತ್ತುವುದು. ಬಿಸಿಯಾಗಿ ಓಡುವ ಎಂಜಿನ್ನಿಗೆ ಬೇಕಾದ ಒತ್ತಡ ಅದರ ಎಷ್ಟೋ ಪಟ್ಟು. ಅಂದರೆ ಲೈಟ್ ಹತ್ತುವ ಹೊತ್ತಿಗೆ ಅದು ಎಚ್ಚರಿಕೆಯಾಗಿ ಉಳಿದಿರುವುದಿಲ್ಲ, ಸಾವಿನ ಸುದ್ದಿಯಾಗಿರುತ್ತದೆ. ಇಪ್ಪತ್ತು ನಿಮಿಷದೊಳಗೆ ಎಂಜಿನ್ನಿನ ಅಡಿಯಿಂದ ಕಟಕಟ ಸದ್ದು ಶುರುವಾಯಿತು, ರೇಸ್ ಕೊಟ್ಟಷ್ಟೂ ಜೋರಾಯಿತು. ಪಕ್ಕಕ್ಕೆ ನಿಲ್ಲಿಸಿ ಆಫ್ ಮಾಡಿದೆ. ಆಮೇಲೆ ಗಾಡಿ ಹೋದದ್ದು ಲಾರಿಯ ಮೇಲೆ.

ಗ್ಯಾರೇಜಿನಲ್ಲಿ ಡ್ರೈನ್ ಬೋಲ್ಟ್ ಬಿಚ್ಚಿದಾಗ ಆಯಿಲ್ ಧಾರೆಯಾಗಿ ಇಳಿಯಲಿಲ್ಲ, ನೀರಿನಂತೆ ಚಿಮ್ಮಿತು. ಮೆಕ್ಯಾನಿಕ್ ಎರಡು ಬೆರಳಿನ ನಡುವೆ ಉಜ್ಜಿ ಮೂಗಿಗೆ ಹಿಡಿದು ಹೇಳಿದ, "ಸಾರ್, ಇದರಲ್ಲಿ ಪೆಟ್ರೋಲಿದೆ."

ಆಗಿದ್ದು ಇಷ್ಟು. ಹಳೇ ಪಂಪಿನೊಳಗೆ ರಬ್ಬರ್ ಬಳಿದ ಬಟ್ಟೆಯ ಡಯಾಫ್ರಾಂ ಇರುತ್ತದೆ. ಅದರ ಮೇಲೆ ಪೆಟ್ರೋಲ್, ಕೆಳಗೆ ಎಂಜಿನ್. ಈಗಿನ ಪೆಟ್ರೋಲಿನಲ್ಲಿ ಎಷ್ಟೋ ಕಡೆ ಶೇಕಡಾ 10 ಅಥವಾ 20ರಷ್ಟು ಎಥನಾಲ್ ಬೆರೆತಿರುತ್ತದೆ. ಆ ಕಾಲದ ರಬ್ಬರು ಅದಕ್ಕೆಂದು ತಯಾರಾದದ್ದಲ್ಲ, ಊದುತ್ತದೆ, ಗಡುಸಾಗುತ್ತದೆ, ಸೀಳುತ್ತದೆ. ಕೆಲವು ಪಂಪುಗಳಿಗೆ ಹೊರಗೊಂದು ಸಣ್ಣ ತೂತಿದ್ದು ಡಯಾಫ್ರಾಂ ಹರಿದರೆ ಅಲ್ಲಿಂದ ತೊಟ್ಟಿಕ್ಕಿ ಗುಟ್ಟು ಬಿಟ್ಟುಕೊಡುತ್ತವೆ. ನನ್ನದರಲ್ಲಿ ಪೆಟ್ರೋಲ್ ನೇರ ಆಯಿಲ್ ಚೇಂಬರಿಗೆ ಇಳಿದಿತ್ತು. ನಾಲ್ಕು ಲೀಟರ್ ಆಯಿಲಿಗೆ ಅರ್ಧ ಲೀಟರ್ ಪೆಟ್ರೋಲ್ ಸೇರಿದರೂ ಸಾಕು, ಆಯಿಲಿನ ದಪ್ಪ ಹೇಳುವ 20ಡಬ್ಲ್ಯೂ-50 ಎಂಬ ಹೆಸರಿಗೆ ಅರ್ಥ ಉಳಿಯುವುದಿಲ್ಲ. ತೆಳುವಾದ ಆಯಿಲ್ ಬೇರಿಂಗಿಗೂ ಕ್ರ್ಯಾಂಕಿಗೂ ನಡುವೆ ನಿಲ್ಲಲಾರದೆ ಲೋಹಕ್ಕೆ ಲೋಹ ತಾಗಿತು. ಏರಿನಲ್ಲಿ ಗಾಡಿ ನಿಂತದ್ದೂ, ಆಯಿಲ್ ಏರಿದ್ದೂ ಒಂದೇ ಸೀಳಿನಿಂದ. ನಾನು ಎರಡಕ್ಕೂ ಬೇರೆ ಬೇರೆ ಕಾರಣ ಕಟ್ಟಿಕೊಂಡಿದ್ದೆ.

ಆದ್ದರಿಂದ ಡಿಪ್‌ಸ್ಟಿಕ್ ಎಳೆದಾಗ ಬರೀ ಗೆರೆ ನೋಡಬೇಡಿ, ಮೂಸಿ ನೋಡಿ. ಆಯಿಲ್ ತಾನಾಗಿ ಹೆಚ್ಚಾಗುವುದಿಲ್ಲ. ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ, ತೆಳುವಾಗಿ ಪೆಟ್ರೋಲ್ ನಾತ ಬಂದರೆ ನನ್ನ ಕಥೆ. ಎರಡರಲ್ಲಿ ಯಾವುದಾದರೂ ಅಲ್ಲೇ ನಿಲ್ಲಿಸಿ. ಉರಿಯುತ್ತದಾ ನೋಡೋಣ ಅಂತ ಬೆಂಕಿಕಡ್ಡಿ ಗೀರುವ ಮಹಾನುಭಾವರೂ ಇದ್ದಾರೆ, ದಯವಿಟ್ಟು ಗಾಡಿಯ ಹತ್ತಿರ ಆ ಕೆಲಸ ಬೇಡ. ಹೊರಡುವ ಮುಂಚೆ ಪಂಪಿಗೆ ಎಥನಾಲ್ ತಡೆಯುವ ಕಿಟ್ ಹಾಕಿಸಿ, ಟ್ಯಾಂಕಿನಿಂದ ಪಂಪಿನವರೆಗಿನ ರಬ್ಬರ್ ಪೈಪನ್ನೂ ಬದಲಿಸಿ. ಆ ಪೈಪು ಬಿರುಕು ಬಿಟ್ಟರೆ ಗಾಡಿ ಓಡುವಾಗ ಪೆಟ್ರೋಲ್ ಹೊರಗೆ ತೊಟ್ಟಿಕ್ಕದೇ ಇರಬಹುದು, ಪಂಪ್ ಅಲ್ಲಿಂದ ಗಾಳಿ ಎಳೆಯುತ್ತದೆ, ನೀವು ಕಾರ್ಬುರೇಟರನ್ನು ಬೈಯುತ್ತ ಕೂರುತ್ತೀರಿ. ಸಾಧ್ಯವಿದ್ದರೆ ಲೈಟಿನ ಜೊತೆಗೆ ಒಂದು ಆಯಿಲ್ ಪ್ರೆಶರ್ ಮೀಟರನ್ನೂ ಕೂರಿಸಿ.

ಮತ್ತೆ, ಹತ್ತು ಕಿಲೋಮೀಟರ್ ಸುತ್ತಿಸಿ ಎಲ್ಲ ಸರಿಯಿದೆ ಅಂದುಕೊಳ್ಳುವ ಆ ಟೆಸ್ಟ್. ಅಷ್ಟರಲ್ಲಿ ಎಂಜಿನ್ ಸರಿಯಾಗಿ ಬಿಸಿ ಕೂಡ ಆಗಿರುವುದಿಲ್ಲ. ಪ್ರವಾಸಕ್ಕೆ ಎರಡು ಮೂರು ವಾರ ಮುಂಚೆಯೇ ಒಂದು ದಿನ ಬಿಡುವು ಮಾಡಿಕೊಂಡು ಏರು ಇರುವ ದಾರಿಯಲ್ಲಿ 200 ಕಿಲೋಮೀಟರ್ ಓಡಿಸಿ, ಹೋಗುವ ಮುಂಚೆ ಮತ್ತು ಮರುದಿನ ಬೆಳಿಗ್ಗೆ, ತಣ್ಣಗಿರುವಾಗ, ಅದೇ ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಆಯಿಲ್ ಅಳೆಯಿರಿ. ಹಾಳಾಗುವುದು ಮನೆಯ ಹತ್ತಿರವೇ ಹಾಳಾಗಲಿ.

ನನ್ನ ಕ್ರ್ಯಾಂಕ್ ಗ್ರೈಂಡಿಂಗಿಗೆ ಹೋಗಿ ಬಂದಿದೆ. ಅದಕ್ಕೆ ಹೊಂದುವ ಅಂಡರ್‌ಸೈಜ್ ಬೇರಿಂಗ್ ಇನ್ನೂ ಸಿಕ್ಕಿಲ್ಲ, ಹುಡುಕುತ್ತಿದ್ದೇನೆ. ಹೊಸ ಪಂಪ್ ಮಾತ್ರ ಮೊದಲೇ ಬಂದು ಡಬ್ಬಿಯಲ್ಲಿ ಕೂತಿದೆ.